ಇನ್ನೂರೋ, ಮುನ್ನೂರ ತೊಂಬತ್ತೋ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಹುಡುಗರ ಆಸೆಯೆಲ್ಲ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕಿನ ಮೇಲೆ. ಕೂಡಿಟ್ಟ ದುಡ್ಡಿಗೆ ಎರಡು ಗಾಡಿ ಎದುರು ಬಂದು ನಿಲ್ಲುತ್ತವೆ: ಈಚಿನ ವರ್ಷದ, ಕಡಿಮೆ ಓಡಿದ 200 ಸಿಸಿ ಒಂದು, ಅದೇ ಬೆಲೆಗೆ ಸಿಗುವ, ಇನ್ನಷ್ಟು ಹಳೆಯ 390 ಇನ್ನೊಂದು. ಜೊತೆಗೆ ಬಂದ ಗೆಳೆಯರು "ದೊಡ್ಡದೇ ತಗೊಳ್ಳೋ" ಅನ್ನುತ್ತಾರೆ. ಆ ಮಾತಿಗೆ ತಲೆಯಾಡಿಸುವ ಮೊದಲು ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಸಿಸಿ ಎಂದರೆ ಪಿಸ್ಟನ್ ಒಮ್ಮೆ ಮೇಲಿನಿಂದ ಕೆಳಕ್ಕೆ ಸರಿದಾಗ ತೆರವಾಗುವ ಜಾಗ, ಅಷ್ಟೆ. ಕೆಟಿಎಂ 200 ಡ್ಯೂಕ್‌ನ ಸಿಲಿಂಡರ್ ಅಗಲ 72 ಮಿ.ಮೀ., ಪಿಸ್ಟನ್ ಸರಿಯುವ ದೂರ 49 ಮಿ.ಮೀ. ಶಾಲೆಯಲ್ಲಿ ಕಲಿತ ಸಿಲಿಂಡರಿನ ಘನಫಲ ಸೂತ್ರಕ್ಕೆ ಇವನ್ನು ಹಾಕಿ ನೋಡಿ, 199.5 ಬರುತ್ತದೆ. ಹಳೆಯ ಕೆಟಿಎಂ 390 ಡ್ಯೂಕ್‌ನಲ್ಲಿ ಅಗಲ 89, ದೂರ 60. ಲೆಕ್ಕ ಹಾಕಿದರೆ 373. ಪೆಟ್ರೋಲು ಉರಿಯಲು ಗಾಳಿ ಬೇಕು, ಹೆಚ್ಚು ಜಾಗವಿದ್ದರೆ ಹೆಚ್ಚು ಗಾಳಿ ಹಿಡಿಸುತ್ತದೆ. ಹಾಗಾಗಿ 200ರ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಸುಮಾರು 19 ನ್ಯೂಟನ್ ಮೀಟರ್ ಇದ್ದರೆ 390ರದ್ದು ಸುಮಾರು 35.

ಆದರೆ ಗಾಡಿಯ ಶಕ್ತಿ ಟಾರ್ಕ್ ಒಂದರಿಂದಲೇ ಬರುವುದಿಲ್ಲ. ಟಾರ್ಕನ್ನು ಎಂಜಿನ್ ತಿರುಗುವ ವೇಗದಿಂದ ಗುಣಿಸಬೇಕು. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಸಾಕ್ಷಿಯಿದೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್ 250 ಸಿಸಿಯ ಗಾಡಿ, 16 ಅಶ್ವಶಕ್ತಿ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರದ್ದು ಬರೀ 98 ಸಿಸಿ, ಆದರೂ 11 ಅಶ್ವಶಕ್ತಿ. ಎರಡೂ ಟೂ ಸ್ಟ್ರೋಕ್. ಸಿಸಿಯಲ್ಲಿ ಎರಡೂವರೆ ಪಟ್ಟು ಅಂತರವಿದ್ದರೂ ಶಕ್ತಿಯಲ್ಲಿ ಒಂದೂವರೆ ಪಟ್ಟು ಮಾತ್ರ, ಏಕೆಂದರೆ ಯೆಜ್ಡಿ ನಿಮಿಷಕ್ಕೆ 5,000 ಸುತ್ತು ಮುಟ್ಟುವ ಮೊದಲೇ ತನ್ನ ಪೂರ್ತಿ ಶಕ್ತಿ ಕೊಟ್ಟು ಮುಗಿಸುತ್ತಿತ್ತು, ಆರ್‌ಎಕ್ಸ್ 7,500ರವರೆಗೂ ಹೋಗುತ್ತಿತ್ತು. ಸಣ್ಣ ಎಂಜಿನ್ ಜೋರಾಗಿ ತಿರುಗಿ ದುಡಿಯುತ್ತದೆ, ದೊಡ್ಡದು ನಿಧಾನವಾಗಿ ತಿರುಗಿಯೇ ಅಷ್ಟು ಕೆಲಸ ಮಾಡುತ್ತದೆ. ಎರಡರ ಸ್ವಭಾವದ ವ್ಯತ್ಯಾಸವೆಲ್ಲ ಇಲ್ಲಿಂದಲೇ ಹುಟ್ಟುವುದು.

ಹಾಗಾದರೆ ನಮಗೆ ಎಷ್ಟು ಶಕ್ತಿ ಬೇಕು? ಗಾಡಿ, ಸವಾರ ಸೇರಿ 225 ಕಿಲೋ ಎಂದಿಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗಲು ಚಕ್ರದ ಬಳಿ ಬೇಕಾಗುವುದು ಸುಮಾರು 3 ಅಶ್ವಶಕ್ತಿ. 80ಕ್ಕೆ ಸುಮಾರು 6. 120ಕ್ಕೆ ಹೋದರೆ ಒಮ್ಮೆಗೇ 18ರ ಹತ್ತಿರ. ವೇಗ ಎರಡು ಪಟ್ಟಾದರೆ ಎದುರುಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ, ಅದಕ್ಕೇ ಈ ಜಿಗಿತ. ದೇವರಾಯನದುರ್ಗದ ಏರಿನಂಥ ರಸ್ತೆಯಲ್ಲಿ 40ರ ವೇಗದಲ್ಲಿ ಹತ್ತುವಾಗಲೂ ನಾಲ್ಕೈದು ಅಶ್ವಶಕ್ತಿ ದಾಟುವುದಿಲ್ಲ. ಶಿರಾ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಬಹುಪಥದ ರಸ್ತೆ. ಅಂಥ ಹೆದ್ದಾರಿಯಲ್ಲೂ 2018ರ ಕೇಂದ್ರ ಅಧಿಸೂಚನೆಯಂತೆ ಬೈಕಿಗೆ ಗರಿಷ್ಠ ಮಿತಿ 80. ಇನ್ನು ಕೊರಟಗೆರೆ, ಮಧುಗಿರಿ, ಪಾವಗಡದ ಒಳರಸ್ತೆಗಳಲ್ಲಿ ಸುಗ್ಗಿ ಬಂತೆಂದರೆ ರಾಗಿ ತೆನೆ, ಹುರುಳಿ ಬಳ್ಳಿಯನ್ನು ಡಾಂಬರಿನ ಮೇಲೇ ಹಾಸಿರುತ್ತಾರೆ. ಅದರ ಮೇಲೆ ಟೈರು ಜಾರುವುದಕ್ಕೆ 60ರ ವೇಗವೂ ಬೇಡ.

ಅಂದರೆ 200ರ 25 ಅಶ್ವಶಕ್ತಿಯಲ್ಲೇ ದಿನದ ಬಳಕೆಗೆ ಬೇಕಾದ್ದರ ನಾಲ್ಕು ಪಟ್ಟು ಇದೆ. 390ರಲ್ಲಿರುವ ಸುಮಾರು 43ರ ಬಹುಪಾಲು ಸುಮ್ಮನೆ ಕೂತಿರುತ್ತದೆ.

ಕೂತಿದ್ದರೆ ನಷ್ಟವೇನು ಎನ್ನಬಹುದು. ನಷ್ಟವಿದೆ. ದೊಡ್ಡ ಎಂಜಿನ್ನಿನಿಂದ ಸ್ವಲ್ಪವೇ ಶಕ್ತಿ ಬೇಕಾದಾಗ ಗಾಳಿ ಬರುವ ದಾರಿಯನ್ನು ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಮೂಗು ಹಿಡಿದುಕೊಂಡು ಉಸಿರೆಳೆದಂತೆ ಪಿಸ್ಟನ್ ಆ ಸಂದಿಯಿಂದಲೇ ಗಾಳಿ ಎಳೆಯಬೇಕು, ಅದಕ್ಕೂ ಪೆಟ್ರೋಲು ಸುಡಬೇಕು. ಜೊತೆಗೆ ಪೆಟ್ರೋಲಿನ ಶಾಖದಲ್ಲಿ ಚಕ್ರ ತಿರುಗಿಸಲು ಒದಗುವುದು ಹೆಚ್ಚೆಂದರೆ ಮೂರನೆಯ ಒಂದು ಭಾಗ. ಉಳಿದದ್ದು ಸೈಲೆನ್ಸರ್, ರೇಡಿಯೇಟರ್ ಮೂಲಕ ಹೊರಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಪಾವಗಡದ ಪೇಟೆಯೊಳಗೆ ಒಂದನೇ ಗೇರಿನಲ್ಲಿ ತೆವಳುವಾಗ ಅದು ನೇರ ಸವಾರನ ತೊಡೆಗೆ ಬಡಿಯುತ್ತದೆ.

ಗಾಳಿಯ ವಿಷಯದಲ್ಲಿ ಇನ್ನೊಂದು ಮಾತು: ಈ ಸೀಮೆ ಸಮುದ್ರಮಟ್ಟದಿಂದ 650ರಿಂದ 800 ಮೀಟರ್ ಎತ್ತರದಲ್ಲಿದೆ. ಮಧುಗಿರಿಯ ಎತ್ತರದಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ನೂರಕ್ಕೆ 9ರಷ್ಟು ಕಡಿಮೆ, ಬೇಸಿಗೆಯಲ್ಲಿ ಗಾಳಿ ಇನ್ನೂ ತೆಳು. ಟರ್ಬೊ ಇಲ್ಲದ ಎಂಜಿನ್ ಚಿಕ್ಕದಾಗಲಿ ದೊಡ್ಡದಾಗಲಿ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಕಂಪನಿ ಹೇಳಿದ ಪಿಕಪ್ ಇಲ್ಲಿ ಪೂರ್ತಿ ಸಿಗದಿದ್ದರೆ ಗಾಡಿ ಕೆಟ್ಟಿದೆ ಎಂದು ಹೆದರಬೇಕಾಗಿಲ್ಲ.

ದೊಡ್ಡ ಎಂಜಿನ್ನಿನ ಪರವಾಗಿಯೂ ನ್ಯಾಯವಾದ ಮಾತಿದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ವಾರವಾರ ಹೆದ್ದಾರಿಯಲ್ಲಿ ದೂರ ಹೋಗುವವರಿಗೆ 390 ಗೇರ್ ಇಳಿಸದೆ ಎಳೆಯುತ್ತದೆ, ಲಾರಿ ದಾಟುವಾಗ ಪಕ್ಕದಲ್ಲಿ ಕಳೆಯುವ ಹೊತ್ತು ಕಡಿಮೆಯಾಗುತ್ತದೆ. ಅದೇ ವೇಗಕ್ಕೆ ಅದರ ಎಂಜಿನ್ ಕಡಿಮೆ ಸುತ್ತು ತಿರುಗುವುದರಿಂದ ಶಾಂತವಾಗಿಯೂ ಓಡುತ್ತದೆ. ಆದರೆ ಹಿಂದಿನ ಮಾಲೀಕ ಅದನ್ನು ಹಾಗೆ ಓಡಿಸಿದ್ದನೇ ಎಂಬುದು ಪ್ರಶ್ನೆ. ಪೂರ್ತಿ ಹಿಂಡಿದಾಗ 200ರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 16 ಮೀಟರ್, 390ರದ್ದು 18-19. ಹಿಂಡಿಸಿಕೊಂಡ ದೊಡ್ಡ ಎಂಜಿನ್ ಹೆಚ್ಚೇ ಸವೆದಿರುತ್ತದೆ.

ನನ್ನ ದೃಷ್ಟಿಯಲ್ಲಿ ಹಳೆಯ ಗಾಡಿಯಲ್ಲಿ ಸಿಸಿಗಿಂತ ಮೊದಲು ನೋಡಬೇಕಾದದ್ದು ದೂಳು. ಮಧುಗಿರಿಯ ಏಕಶಿಲಾ ಬೆಟ್ಟ, ಸುತ್ತಲಿನ ಗುಡ್ಡಗಳೆಲ್ಲ ಗ್ರಾನೈಟ್ ಜಾತಿಯ ಕಲ್ಲು. ಅದು ಸವೆದು ಉದುರುವ ಮರಳಿನಲ್ಲಿ ತುಂಬಿರುವುದು ಕ್ವಾರ್ಟ್ಸ್; ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದಕ್ಕೆ 7ನೆಯ ಸ್ಥಾನ, ಸಾಮಾನ್ಯ ಕಬ್ಬಿಣಕ್ಕಿಂತ ಗಟ್ಟಿ. ಹರಿದ ಏರ್ ಫಿಲ್ಟರಿನಿಂದ ಒಳನುಗ್ಗಿದ ಆ ಪುಡಿ ಆಯಿಲ್ ಜೊತೆ ಸೇರಿ ಪಿಸ್ಟನ್ ರಿಂಗನ್ನು ಉಜ್ಜುತ್ತಾ ಹೋಗುತ್ತದೆ. ಮಾರುವವರ ಒಪ್ಪಿಗೆ ಪಡೆದು ಫಿಲ್ಟರ್ ಬಿಚ್ಚಿಸಿ, ಎಂಜಿನ್ ಕಡೆಯ ಪೈಪಿನ ಒಳಗೋಡೆಗೆ ಬೆರಳಾಡಿಸಿ. ಬೆರಳಿಗೆ ನರುನರು ಮಣ್ಣು ಹತ್ತಿದರೆ ಆ ಗಾಡಿ ಬೇಡ. ಆರ್‌ಎಕ್ಸ್ 100ರ ಕಬ್ಬಿಣದ ಸಿಲಿಂಡರ್ ಸವೆದರೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಬಹುದಿತ್ತು. 390ರಂಥ ಎಂಜಿನ್ನುಗಳ ಸಿಲಿಂಡರ್ ಒಳಗೆ ಗಟ್ಟಿಯಾದ ತೆಳು ಲೇಪನವಿದೆ. ಅದು ಕಿತ್ತರೆ ಬೋರ್ ಮಾಡಿಸಿ ಸರಿಪಡಿಸಲಾಗದು, ಸಾಮಾನ್ಯವಾಗಿ ಸಿಲಿಂಡರನ್ನೇ ಬದಲಿಸಬೇಕಾಗುತ್ತದೆ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, ನೀವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಟ್ಟಿರಿ. ತಣ್ಣಗಿದ್ದ ಎಂಜಿನ್ ಎಬ್ಬಿಸಿ ಆಕ್ಸಿಲರೇಟರ್ ತಿರುವಿದಾಗ ನೀಲಿ ಹೊಗೆ ಸತತವಾಗಿ ಬಂದರೆ ಆಯಿಲ್ ಕುಡಿಯುತ್ತಿದೆ, ರಿಂಗು ಹೋಗಿರಬಹುದು ಎಂದರ್ಥ. ಆಯಿಲ್ ಹಾಲು ಬೆರೆಸಿದ ಬಣ್ಣದಲ್ಲಿದ್ದರೆ ರೇಡಿಯೇಟರ್ ನೀರು ಒಳಗೆ ಸೇರಿರುವ ಸಾಧ್ಯತೆ ಹೆಚ್ಚು.

ಕಾಗದದ ಲೆಕ್ಕವೂ ಸಿಸಿಯ ಮೇಲೇ ನಿಂತಿದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ವಿಮೆಗೆ 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366 ರೂಪಾಯಿ, 350 ದಾಟಿದರೆ 2,804. ಪಾವಗಡದವರು ಗಡಿಯಾಚೆಯ ಆಂಧ್ರದಿಂದ ಗಾಡಿ ತಂದರೆ ಅಲ್ಲಿನ ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು. ಅಗ್ಗ ಎನಿಸಿದ್ದು ಅಲ್ಲೇ ತುಟ್ಟಿಯಾಗುತ್ತದೆ.

ಇನ್ನೊಂದು ವಿಷಯದಲ್ಲಿ ರಾಜಿ ಬೇಡ. 125 ಸಿಸಿ ಮೀರಿದ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಮರಳು ಬಿದ್ದ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ಅದು ತಡೆಯುತ್ತದೆ. ಮಧುಗಿರಿ ಸುತ್ತಮುತ್ತಲ ಓಡಾಟಕ್ಕೆ ಬೈಕ್ ಬೇಕೆನ್ನುವವರಿಗೆ ನನ್ನ ಸಲಹೆ ಇದು: ಆ ಏಪ್ರಿಲ್ ನಂತರದ, ಫಿಲ್ಟರಿನ ಹಿಂದೆ ದೂಳಿಲ್ಲದ 200 ತಗೊಳ್ಳಿ, ವಿಮೆ, ಪೆಟ್ರೋಲಿನಲ್ಲಿ ಉಳಿಯುವ ದುಡ್ಡಿನಲ್ಲಿ ಮೊದಲು ಒಳ್ಳೆಯ ಹೆಲ್ಮೆಟ್ ಕೊಂಡು, ಆಮೇಲೆ ಎರಡು ಹೊಸ ಟೈರ್ ಹಾಕಿಸಿ.