ಲಕ್ವ ಹೊಡೆದವರಿಗೆ ಮನೆಯಲ್ಲೇ ಫಿಸಿಯೋಥೆರಪಿ: ಕೈ ಹಿಡಿದು ಎಳೀಬೇಡಿ, ಎಣ್ಣೆ ನೀವಿದರಷ್ಟೇ ಸಾಲದು

ಕೋಲಾರ: ಲಕ್ವ ಹೊಡೆದು ಆಸ್ಪತ್ರೆ ಸೇರಿದವರಲ್ಲಿ ಹೆಚ್ಚಿನವರು ವಾರ, ಹತ್ತು ದಿನದಲ್ಲಿ ಮನೆಗೆ ಬರ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ, ಶುಗರ್, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆಗಳ ಪಟ್ಟಿ ಇರುತ್ತೆ. ಕೊನೆಯಲ್ಲಿ ಒಂದು ಸಾಲು: ‘ಫಿಸಿಯೋಥೆರಪಿ ಮುಂದುವರಿಸಿ’. ಎಲ್ಲಿ, ಯಾರ ಹತ್ತಿರ, ಎಷ್ಟು ದಿನ ಅನ್ನೋದನ್ನ ಮನೆಯವರೇ ಹುಡುಕಿಕೊಳ್ಳಬೇಕು. ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕಿನ ಒಳಗಿನ ಹಳ್ಳಿಗಳಿಂದ ದಿನಾ ರೋಗಿಯನ್ನು ಆಟೋದಲ್ಲಿ ಕೂರಿಸಿಕೊಂಡು ಟೌನ್‌ಗೆ ಹೋಗಿ ಬರೋದು ಆಗದ ಮಾತು. ಹಾಗಾಗಿ ಒಂದೋ ಫಿಸಿಯೋಥೆರಪಿಸ್ಟ್ ಮನೆಗೆ ಬರಬೇಕು, ಇಲ್ಲವೇ ಮನೆಯವರೇ ಮಾಡಬೇಕು.

ಇಲ್ಲಿ ದಿನಗಳ ಲೆಕ್ಕ ಮುಖ್ಯ. ಪಾರ್ಶ್ವವಾಯು ಆದ ಮೇಲೆ ಚೇತರಿಕೆ ಜೋರಾಗಿರೋದು ಮೊದಲ 3 ತಿಂಗಳಲ್ಲಿ. 6 ತಿಂಗಳು ಕಳೆದ ಮೇಲೆ ನಿಂತುಹೋಗಲ್ಲ, ಆದರೆ ನಿಧಾನ ಆಗುತ್ತೆ. ಮಿದುಳಿನಲ್ಲಿ ಸತ್ತ ಭಾಗ ಮತ್ತೆ ಹುಟ್ಟಲ್ಲ. ಅದರ ಕೆಲಸವನ್ನ ಅಕ್ಕಪಕ್ಕದ ಭಾಗಗಳು ಸ್ವಲ್ಪ ಸ್ವಲ್ಪವಾಗಿ ಕಲಿತುಕೊಳ್ಳುತ್ತವೆ. ಮಗು ನಡೆಯೋದು ಕಲಿಯೋ ಹಾಗೆ, ಅದೇ ಕೆಲಸವನ್ನ ನೂರು ಸಲ, ಸಾವಿರ ಸಲ ಮಾಡಿದರೆ ಮಾತ್ರ ಕಲಿಕೆ.

ನಮ್ಮ ಕಡೆ ಇದೇ ಸಮಯದಲ್ಲಿ ನಾಟಿ ಔಷಧಿ ಕುಡಿಸಿ, ಒಂದು ಮಂಡಲ ಪಥ್ಯ ಅಂತ ಮಲಗಿಸಿಬಿಡೋದುಂಟು. ಮಂಡಲ ಅಂದರೆ 48 ದಿನ. ಬಂಗಾರದಂಥ 90 ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂಚದ ಮೇಲೆ ಕಳೆದುಹೋಯ್ತು. ಪಾರಿವಾಳದ ರಕ್ತ ಹಚ್ಚಿದರೆ ಕೈ ಬರುತ್ತೆ ಅನ್ನೋ ನಂಬಿಕೆ ಇವತ್ತಿಗೂ ಹೋಗಿಲ್ಲ. ಅದರಿಂದ ಕೈ ಬರಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ನೀವಿದರೆ ಹಿತ ಅನ್ನಿಸಬಹುದು, ಆದರೆ ಅದು ರೋಗಿ ತಾನೇ ಮಾಡೋ ವ್ಯಾಯಾಮ ಆಗಲ್ಲ. ಎಲ್ಲಕ್ಕಿಂತ ಅಪಾಯ ಅಂದರೆ ನಾಟಿ ಔಷಧಿ ಶುರು ಮಾಡಿ ಬಿಪಿ ಮಾತ್ರೆ ನಿಲ್ಲಿಸೋದು. ಎರಡನೇ ಸಲ ಹೊಡೆಯೋಕೆ ಅದೇ ದಾರಿ.

ಭುಜ ಕಾಪಾಡೋದು ಮೊದಲ ಕೆಲಸ

ಮನೆಯಲ್ಲಿ ತುಂಬಾ ಆಗೋ ತಪ್ಪು ಇದು. ಮಂಚದಿಂದ ಎಬ್ಬಿಸುವಾಗ ಬಿದ್ದಿರೋ ಕೈಯನ್ನೇ ಹಿಡಿದು ಎಳೀತಾರೆ, ಇಲ್ಲ ಕಂಕುಳಿಗೆ ಕೈ ಕೊಟ್ಟು ಎತ್ತುತಾರೆ. ಭುಜದ ಕೀಲನ್ನ ಜಾಗದಲ್ಲಿ ಹಿಡಿದಿಡೋದು ಮುಖ್ಯವಾಗಿ ಸುತ್ತಲಿನ ಸ್ನಾಯುಗಳು. ಲಕ್ವದಲ್ಲಿ ಅವೇ ಸೋತಿರುತ್ತವೆ. ಕೈಯ ಭಾರಕ್ಕೇ ಕೀಲು ಕೆಳಗೆ ಜಾರಿರುತ್ತೆ. ಅದರ ಮೇಲೆ ಎಳೆದರೆ ಶುರುವಾಗೋ ನೋವು ತಿಂಗಳುಗಟ್ಟಲೆ ಇರುತ್ತೆ. ನೋವಿಗೆ ಹೆದರಿ ರೋಗಿ ವ್ಯಾಯಾಮವನ್ನೇ ಬಿಟ್ಟುಬಿಡ್ತಾನೆ.

ಹಾಗಾಗಿ ಕೂತಾಗ ಆ ಕೈ ಕೆಳಗೆ ಜೋತಾಡದ ಹಾಗೆ ದಿಂಬಿನ ಮೇಲೆ ಇಡಬೇಕು. ಅಂಗಿ, ರವಿಕೆ ಹಾಕುವಾಗ ಬಲ ಇಲ್ಲದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ನಡೆಸುವಾಗ ಬಲ ಇಲ್ಲದ ಕಡೆ ನಿಂತು, ಸೊಂಟಕ್ಕೆ ಗಟ್ಟಿಯಾಗಿ ಕಟ್ಟಿದ ಟವೆಲ್ ಅಥವಾ ಬೆಲ್ಟ್ ಹಿಡಿಯಬೇಕು, ಕೈ ಅಲ್ಲ. ತಾನಾಗಿ ಹೊರಳೋಕೆ ಆಗದವರನ್ನ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತೆ.

ಒಂದೇ ಮೀನಖಂಡ ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರೆ ಎಣ್ಣೆ ಹಾಕಿ ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ವ್ಯಾಯಾಮದ ನಡುವೆ ಎದೆನೋವು, ಏದುಸಿರು, ತಲೆಸುತ್ತು ಬಂದರೂ ಅಲ್ಲಿಗೇ ನಿಲ್ಲಿಸಬೇಕು.

ಅವರೆಕಾಯಿ ಸುಲಿಯೋದೂ ವ್ಯಾಯಾಮವೇ

ರೋಗಿ ಮಲಗಿರ್ತಾರೆ, ಬಂದವರು ಕೈಕಾಲು ಎತ್ತಿ ಇಳಿಸಿ, ಕರೆಂಟ್ ಕೊಟ್ಟು ಹೋಗ್ತಾರೆ. ಫಿಸಿಯೋಥೆರಪಿ ಅಂದರೆ ಇಷ್ಟೇ ಅಂತ ಎಷ್ಟೋ ಮನೆಗಳಲ್ಲಿ ಅಂದುಕೊಂಡಿದ್ದಾರೆ. ಕೀಲು ಬಿಗಿಯದಿರಲಿ ಅಂತ ಕೈಕಾಲು ಆಡಿಸೋದು ಬೇಕು. ಆದರೆ ಮಿದುಳು ಕಲಿಯೋದು ರೋಗಿಯೇ ಪ್ರಯತ್ನ ಪಟ್ಟಾಗ.

ಕೂತಲ್ಲಿಂದ ಏಳೋದನ್ನೇ ತಗೊಳ್ಳಿ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿ ಅಥವಾ ಎತ್ತರದ ಮಂಚ ಸಾಕು, ಜಾರೋ ಪ್ಲಾಸ್ಟಿಕ್ ಕುರ್ಚಿ ಬೇಡ. ಪಾದ ಎರಡೂ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರೋ ತನಕ ಮುಂದೆ ಬಾಗಿ, ಆಮೇಲೆ ಏಳಬೇಕು. ಸೋತ ಕಾಲಿನ ಮೇಲೂ ಭಾರ ಬೀಳಬೇಕು. ಸುಲಭ ಆಯ್ತು ಅಂದರೆ ಕೂರೋ ಎತ್ತರ ಕಡಿಮೆ ಮಾಡೋದು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಬಚ್ಚಲಿಗೆ ಹೋಗೋಕೆ, ಊಟಕ್ಕೆ ಕೂರೋಕೆ ಬೇಕಾದ ಮೂಲ ಶಕ್ತಿ ಇದೇ.

ಕೈಗೂ ಇದೇ ಲೆಕ್ಕ. ರಬ್ಬರ್ ಚೆಂಡು ಹಿಸುಕಿಸೋದು ಎಲ್ಲರಿಗೂ ಗೊತ್ತು. ಆದರೆ ಬಹಳ ಜನರಿಗೆ ಬೆರಳು ಮಡಚೋಕಿಂತ ಬಿಡಿಸೋದೇ ಕಷ್ಟ. ಆಗಲೇ ಮುಷ್ಟಿ ಬಿಗಿದುಕೊಂಡಿದ್ದರೆ ಫಿಸಿಯೋನ ಕೇಳದೆ ಚೆಂಡು ಕೊಡಬೇಡಿ. ಅದಕ್ಕಿಂತ ಆ ಮನುಷ್ಯ ಮೊದಲು ಮಾಡ್ತಿದ್ದ ಕೆಲಸವನ್ನೇ ಸಣ್ಣದು ಮಾಡಿ ಕೊಡೋದು ವಾಸಿ. ಲೋಟ ಹಿಡಿದು ಬಿಡೋದು, ಒಗೆದ ಟವೆಲ್ ಮಡಚೋದು, ಸ್ವಲ್ಪ ಬೆರಳು ಆಡ್ತಿದ್ದರೆ ಅವರೆಕಾಯಿ ಸುಲಿಯೋದು, ಚಂದ್ರಿಕೆಯಿಂದ ರೇಷ್ಮೆ ಗೂಡು ಬಿಡಿಸೋದು. ಕೋಲಾರದ ಮನೆಗಳಲ್ಲಿ ಇದಕ್ಕೆಲ್ಲ ಸಾಮಾನು ಹೊರಗಿಂದ ತರಬೇಕಾಗಿಲ್ಲ.

ಹಾಗಾದರೆ ಮನೆಯವರೇ ಮಾಡಿದರೆ ಸಾಕಾ?

ಈ ಪ್ರಶ್ನೆಯನ್ನ ನಮ್ಮ ದೇಶದಲ್ಲೇ ದೊಡ್ಡದಾಗಿ ಪರೀಕ್ಷೆ ಮಾಡಿದ್ದಾರೆ. ‘ಅಟೆಂಡ್’ ಅನ್ನೋ ಅಧ್ಯಯನದಲ್ಲಿ ಭಾರತದ 14 ಆಸ್ಪತ್ರೆಗಳ 1,250 ಲಕ್ವ ರೋಗಿಗಳಿದ್ದರು. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಇನ್ನರ್ಧ ಜನರಿಗೆ ಅದರ ಜೊತೆಗೆ ಮನೆಯವರಿಗೆ ವ್ಯಾಯಾಮ ಮಾಡಿಸೋ ತರಬೇತಿ. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. 6 ತಿಂಗಳಾದ ಮೇಲೆ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆಯಲ್ಲೇ ಇದ್ದವರ ಪ್ರಮಾಣ ಎರಡೂ ಗುಂಪಿನಲ್ಲಿ ಶೇ 47. ತರಬೇತಿಯಿಂದ ವ್ಯತ್ಯಾಸ ಕಾಣಲಿಲ್ಲ.

ಮನೆಯವರ ಆರೈಕೆ ದಂಡ ಅಂತ ಇದರ ಅರ್ಥ ಅಲ್ಲ. ಭುಜ ಉಳಿಯೋದು, ಹುಣ್ಣಾಗದಿರೋದು ಅವರ ಕೈಯಲ್ಲೇ ಇದೆ. ಆದರೆ ಒಂದು ಸಲ ತೋರಿಸಿಕೊಟ್ಟು ‘ಇನ್ನು ನೀವೇ ಮಾಡಿಕೊಳ್ಳಿ’ ಅಂತ ಕಳಿಸಿಬಿಟ್ಟರೆ ಕೆಲಸ ಆಗಲ್ಲ. ಯಾವ ವ್ಯಾಯಾಮ ನಿಲ್ಲಿಸಬೇಕು, ಯಾವಾಗ ಕಷ್ಟದ್ದಕ್ಕೆ ಹೋಗಬೇಕು ಅಂತ ನೋಡೋಕೆ ಕಲಿತವರು ಬೇಕು. ಇನ್ನೊಂದು ಮಾತು. ‘ಮನೆಯವರು’ ಅಂದರೆ ಬಹುತೇಕ ಕಡೆ ಹೆಂಡತಿ ಇಲ್ಲ ಸೊಸೆ. ಬೆಳಿಗ್ಗೆ ಎದ್ದು ಹಾಲು ಕರೆದು ಡೈರಿಗೆ ಹಾಕಿ, ಅಡುಗೆ ಮುಗಿಸಿ, ತನಗಿಂತ ತೂಕದ ಗಂಡಸನ್ನ ದಿನಕ್ಕೆ ಎಂಟು ಸಲ ಎತ್ತಿ ಕೂರಿಸೋ ಹೆಣ್ಣುಮಗಳ ಸೊಂಟದ ಬಗ್ಗೆ ಯಾವ ಡಿಸ್ಚಾರ್ಜ್ ಚೀಟಿಯೂ ಬರೆಯಲ್ಲ. ಸರಿಯಾಗಿ ಎಬ್ಬಿಸೋದು ಹೇಗೆ ಅಂತ ಆಕೆಗೂ ಹೇಳಿಕೊಡೋದು ಫಿಸಿಯೋಥೆರಪಿಸ್ಟ್ ಕೆಲಸವೇ.

ಮನೆಗೆ ಕರೆಸುವಾಗ ಬಿಪಿಟಿ ಓದಿದ್ದಾರಾ ಕೇಳಿ. ಇಂಟರ್ನ್‌ಶಿಪ್ ಕೂಡ ಸೇರಿದ ಡಿಗ್ರಿ ಅದು. ಮೊದಲ ದಿನವೇ ಪೂರ್ತಿ ಪರೀಕ್ಷೆ ಮಾಡಿ, ಇನ್ನು ಎರಡು ವಾರದಲ್ಲಿ ರೋಗಿ ಏನು ಮಾಡಬೇಕು ಅನ್ನೋ ಗುರಿ ಹೇಳಬೇಕು. ಉಳಿದ ಹೊತ್ತಿನಲ್ಲಿ ಮಾಡೋದನ್ನ ಬರೆದುಕೊಡಬೇಕು. ದುಡ್ಡಿನ ತೊಂದರೆ ಇದ್ದರೆ ಮುಚ್ಚಿಡಬೇಡಿ. ಹತ್ತು ದಿನ ಸತತ ಕರೆಸಿ ಆಮೇಲೆ ಪೂರ್ತಿ ನಿಲ್ಲಿಸೋದಕ್ಕಿಂತ, ವಾರಕ್ಕೆ ಎರಡು ಸಲದಂತೆ ಮೂರು ತಿಂಗಳು ಬರೋಕೆ ಆಗುತ್ತಾ ಅಂತ ಕೇಳಬಹುದು.

ಪಾರ್ಕಿನ್ಸನ್ ಇದ್ದವರ ಕಷ್ಟವೇ ಬೇರೆ

ಇವರಿಗೆ ಶಕ್ತಿ ಇರುತ್ತೆ, ಆದರೆ ಹೆಜ್ಜೆ ಹೊರಡಲ್ಲ. ಹೊಸ್ತಿಲ ಹತ್ತಿರ, ತಿರುಗುವಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತೆ. ಆಗ ಹಿಂದಿನಿಂದ ತಳ್ಳೋದು, ಮುಂದಿನಿಂದ ಎಳೆಯೋದು ಮಾಡಿದರೆ ಬೀಳ್ತಾರೆ. ನಿಂತು, ಉಸಿರು ತಗೊಂಡು, ‘ಒಂದು, ಎರಡು’ ಅಂತ ಎಣಿಸಿ ದೊಡ್ಡ ಹೆಜ್ಜೆ ಹಾಕಿಸಬೇಕು. ಕಾಲು ನಿಲ್ಲೋ ಜಾಗದಲ್ಲಿ ನೆಲಕ್ಕೆ ಅಡ್ಡಡ್ಡ ಬಣ್ಣದ ಟೇಪ್ ಅಂಟಿಸಿದರೆ ಅದನ್ನ ದಾಟೋ ನೆಪದಲ್ಲಿ ಹೆಜ್ಜೆ ಬರೋದುಂಟು. ಮಾತ್ರೆ ಚೆನ್ನಾಗಿ ಕೆಲಸ ಮಾಡೋ ಹೊತ್ತಿನಲ್ಲೇ ವ್ಯಾಯಾಮ ಇಟ್ಟುಕೊಳ್ಳಬೇಕು.

ಯಾವ ಕಾಯಿಲೆಯೂ ಇಲ್ಲದ ವಯಸ್ಸಾದವರಿಗೆ ಭಯ ಬೀಳೋದರದ್ದು. ಒದ್ದೆ ಬಚ್ಚಲು, ಸವೆದ ಹವಾಯಿ ಚಪ್ಪಲಿ, ರಾತ್ರಿ ಲೈಟ್ ಇಲ್ಲದ ಹಿತ್ತಲು, ಇವು ಮೂರನ್ನ ಮೊದಲು ಸರಿ ಮಾಡಿ. ಟಾಯ್ಲೆಟ್ ಗೋಡೆಗೆ ಹಿಡಿಕೆ ಹಾಕಿಸಿ. ಬಿದ್ದಾರು ಅಂತ ಕೂರಿಸಿಯೇ ಇಟ್ಟರೆ ಕಾಲು ಇನ್ನೂ ಸೋಲುತ್ತೆ.

ಸರ್ಕಾರದ ಕಡೆಯಿಂದ ಏನಿದೆ?

ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿದಾಗ, ಪ್ರಾಯೋಗಿಕವಾಗಿ ಆರಿಸಿಕೊಂಡ ಕಡೆಗಳಲ್ಲಿ ಕೋಲಾರವೂ ಒಂದು. ಲಕ್ವ, ಮೂರ್ಛೆ, ಮರೆವಿನ ಕಾಯಿಲೆ ಇದ್ದವರು ಜಿಲ್ಲಾಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಬಗ್ಗೆ ವಿಚಾರಿಸಬಹುದು. ಹಿರಿಯರ ಆರೋಗ್ಯಕ್ಕೆ ಇರುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಸಿಗೆ ಹಿಡಿದವರ ಮನೆಗೇ ಹೋಗಿ ನೋಡಬೇಕು ಅಂತಿದೆ. ಕಾಗದದಲ್ಲಿ ಇರೋದು ಬಾಗಿಲಿಗೆ ಬರಬೇಕಾದರೆ ಕೇಳಲೇಬೇಕು, ಆಶಾ ಕಾರ್ಯಕರ್ತೆಯಿಂದ ಶುರು ಮಾಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕೂಡ ಇದೆ. ಲಕ್ವದಿಂದ ಕೈಕಾಲು ಸೋತವರು ಚಲನ ವೈಕಲ್ಯದ ಅಡಿ ಅರ್ಜಿ ಹಾಕಬಹುದು. ಯುಡಿಐಡಿ ಕಾರ್ಡ್‌ಗೆ ಅರ್ಜಿ ಆನ್‌ಲೈನ್‌ನಲ್ಲಿ. ಹೆಚ್ಚಿನ ಸವಲತ್ತಿಗೆ ವೈಕಲ್ಯ ಶೇ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರದಲ್ಲಿ ಇರಬೇಕು. ಅರ್ಜಿ ಹಾಕೋಕೆ, ವೀಲ್‌ಚೇರ್ ಕೇಳೋಕೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನ ಹಿಡಿಯಿರಿ. ಹೋಗುವಾಗ ಆಧಾರ್, ಫೋಟೋ, ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ರಿಪೋರ್ಟ್ ಎಲ್ಲದರ ಜೆರಾಕ್ಸ್ ಜೊತೆಗಿರಲಿ.