ತಂತಿ ಕೈಬಿಟ್ಟ ಗಳಿಗೆ

ರಾಯರ ದರ್ಶನಕ್ಕೆ ರೈಲಿನಲ್ಲಿ ಹೋಗುವವರು ಇಳಿಯುವ ಮಂತ್ರಾಲಯಂ ರೋಡ್ ನಿಲ್ದಾಣ ತುಂಗಭದ್ರಾ ಎಂಬ ಊರಿನಲ್ಲಿದೆ. ಹೊಳೆಯ ಹೆಸರೇ ಊರಿಗೂ. ಪಂಡಿತ ತಾರಾನಾಥರು ಪ್ರೇಮಾಯತನ ಆಶ್ರಮ ಕಟ್ಟಿದ್ದು ಇಲ್ಲಿ. ಈ ಆದವಾನಿ ಸೀಮೆ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು ತಾಲ್ಲೂಕುಗಳು ಅತ್ತ ಹೋದವು. ಕನ್ನಡ ಮಾತ್ರ ಮನೆಗಳಲ್ಲಿ ಉಳಿದುಕೊಂಡಿತು.

ತಾರಾನಾಥರ ಮಗ ರಾಜೀವ ತಾರಾನಾಥ (1932–2024) ಮೊದಲು ಸಂಗೀತ ಕಲಿತದ್ದು ತಂದೆಯಿಂದಲೇ, ಅದೂ ಗಾಯನ. ಆಮೇಲೆ ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದ್ ಹಿಡಿದರು. ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು, ‘ಸಂಸ್ಕಾರ’ ಚಿತ್ರದ ಸಂಗೀತ ನಿರ್ದೇಶಕ ಎಂದೂ ನಮಗೆ ಅವರು ಗೊತ್ತು. ಎಲೆಕ್ಟ್ರಿಕ್ ಗಿಟಾರಿನ ಮೀಟಿನ ಬಗ್ಗೆ ಬರೆಯಹೊರಟು ಅವರನ್ನು ನೆನೆಯಲು ಕಾರಣ, ಅವರ ಬಲಗೈಯಲ್ಲಿದ್ದ ಜವಾ. ಸರೋದ್ ನುಡಿಸುವವರು ತೆಂಗಿನ ಕರಟವನ್ನು ಉಜ್ಜಿ ಮಾಡಿದ ಈ ಗಟ್ಟಿ ತುಂಡಿನಿಂದ ತಂತಿಯನ್ನು ಮೀಟುತ್ತಾರೆ. ಗಿಟಾರಿನ ಪಿಕ್ ಮಾಡುವ ಕೆಲಸವೂ ಅದೇ. ಅಷ್ಟೇ ಅಲ್ಲ, ವೀಣೆ ತಂಬೂರಿಗಳ ಅಗಲವಾದ ಕುದುರೆ (ಬ್ರಿಜ್) ಸರೋದಿನ ಮುಖ್ಯ ತಂತಿಗಳಿಗಿಲ್ಲ; ಅವು ಗಿಟಾರಿನ ತಂತಿಗಳಂತೆ ತೆಳುವಾದ ಅಂಚಿನ ಮೇಲೆ ಹಾದುಹೋಗುತ್ತವೆ. ಹಾಗಾಗಿ ಎರಡಕ್ಕೂ ಭೌತಶಾಸ್ತ್ರ ಹೆಚ್ಚುಕಡಿಮೆ ಒಂದೇ.

ಗಿಟಾರ್ ಕಲಿಯುವ ಹುಡುಗರ ಕಣ್ಣು ಸಾಮಾನ್ಯವಾಗಿ ಎಡಗೈ ಮೇಲೆ. ಯಾವ ಫ್ರೆಟ್, ಯಾವ ಬೆರಳು, ಎಷ್ಟು ವೇಗ. ಆದರೆ ನಾದ ಹುಟ್ಟುವುದು ಬಲಗೈಯಲ್ಲಿ, ಅದೂ ಒಂದೇ ಗಳಿಗೆಯಲ್ಲಿ. ಪಿಕ್ ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಕೋನ ಮಾಡುತ್ತದೆ, ಆಮೇಲೆ ಜಾರುತ್ತದೆ. ಜಾರಿದ ಕ್ಷಣದಲ್ಲಿ ತಂತಿ ಯಾವ ಆಕಾರದಲ್ಲಿತ್ತೋ ಅದೇ ಮುಂದಿನದನ್ನೆಲ್ಲ ನಿರ್ಧರಿಸುತ್ತದೆ. ಆ ಕೋನ ಎರಡಾಗಿ ಒಡೆದು, ಒಂದು ಕುದುರೆಯತ್ತ, ಇನ್ನೊಂದು ಎಡಗೈಯತ್ತ ಓಡಿ, ತುದಿಗಳಿಗೆ ಬಡಿದು ಹಿಂದಿರುಗುತ್ತದೆ. ಗಿಟಾರಿನ ಅತಿ ದಪ್ಪ ತಂತಿಯಲ್ಲಿ ಇಂಥ ಒಂದು ಸುತ್ತು ಸುಮಾರು 12 ಮಿಲಿಸೆಕೆಂಡು, ಅತಿ ತೆಳುವಾದದ್ದರಲ್ಲಿ ಸುಮಾರು 3. ಪಿಕ್ ಜಾರಿದ ಮೇಲೆ ನಮ್ಮ ಕೈ ಎಷ್ಟು ದೂರ ಹಾರಿದರೂ, ಮುಖ ಎಷ್ಟು ಸೊಟ್ಟಗಾದರೂ ಆ ಸ್ವರಕ್ಕೆ ಗೊತ್ತಾಗುವುದಿಲ್ಲ.

ಎಲ್ಲಿ ಮೀಟಬೇಕು ಎನ್ನುವುದು ಮೊದಲ ಪ್ರಶ್ನೆ. ತಂತಿ ಇಡಿಯಾಗಿ ಕಂಪಿಸುತ್ತಲೇ ಎರಡು, ಮೂರು, ನಾಲ್ಕು ಪಾಲುಗಳಾಗಿಯೂ ಕಂಪಿಸುತ್ತದೆ. ಈ ಪಾಲಿನ ಕಂಪನಗಳೇ ಹಾರ್ಮೋನಿಕ್‌ಗಳು, ನಾದದ ಬಣ್ಣ ಇವುಗಳ ಬೆರಕೆ. ಒಂದು ಹಾರ್ಮೋನಿಕ್ ಅಲುಗದೆ ನಿಲ್ಲುವ ಬಿಂದುವಿನಲ್ಲೇ ಮೀಟಿದರೆ ಆ ಹಾರ್ಮೋನಿಕ್ ಹುಟ್ಟುವುದಿಲ್ಲ. ಇದನ್ನು ಇಂಗ್ಲೆಂಡಿನ ಥಾಮಸ್ ಯಂಗ್ 1800ರಲ್ಲಿ ತೋರಿಸಿದ. ನಟ್ಟನಡುವೆ ಮೀಟಿದರೆ ಎರಡನೆಯದು, ನಾಲ್ಕನೆಯದು, ಆರನೆಯದು ಇಲ್ಲ. ಕಾಲು ಭಾಗದಲ್ಲಿ ಮೀಟಿದರೆ ನಾಲ್ಕನೆಯದು, ಎಂಟನೆಯದು ಇಲ್ಲ.

ಇದನ್ನು ನಂಬಬೇಕಾಗಿಲ್ಲ, ಗಿಟಾರ್ ಇದ್ದವರು ಈಗಲೇ ನೋಡಬಹುದು. ಖಾಲಿ ತಂತಿಯನ್ನು ಕುದುರೆಯ ಹತ್ತಿರ ಮೀಟಿ, 12ನೇ ಫ್ರೆಟ್ಟಿನ ನೇರಕ್ಕೆ ಬೆರಳನ್ನು ಹಗುರಾಗಿ ತಾಕಿಸಿ ತೆಗೆಯಿರಿ. ಮೂಲಸ್ವರ ಸತ್ತು ಮೇಲಿನ ಷಡ್ಜ ಸ್ಪಷ್ಟವಾಗಿ ಉಳಿಯುತ್ತದೆ. ಈಗ 12ನೇ ಫ್ರೆಟ್ಟಿನ ಮೇಲೆಯೇ ಮೀಟಿ, ಅಲ್ಲೇ ತಾಕಿಸಿ. ಏನೂ ಉಳಿಯುವುದಿಲ್ಲ ಎನ್ನಬಹುದು. ಬೆರಳ ತಾಕಿಗೆ ಉಳಿಯಬಲ್ಲ ಹಾರ್ಮೋನಿಕ್‌ಗಳನ್ನು ಮೀಟು ಹುಟ್ಟಿಸಿಯೇ ಇರಲಿಲ್ಲ.

ಲೆಕ್ಕವನ್ನು ಸ್ವಲ್ಪ ಮುಂದಕ್ಕೆ ಒಯ್ಯೋಣ. ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ಕಂಪಿಸುವ ತಂತಿಯ ಉದ್ದ 648 ಮಿಲಿಮೀಟರ್. ಕಂಪನವನ್ನು ವಿದ್ಯುತ್ತಾಗಿಸುವ ಅದರ ಪಿಕಪ್‌ಗೆ ತಂತಿಯ ವೇಗ ಮುಖ್ಯ, ಆದ್ದರಿಂದ ವೇಗದಲ್ಲೇ ಅಳೆಯಬೇಕು. ಕುದುರೆಯಿಂದ 162 ಮಿಲಿಮೀಟರ್ ದೂರದಲ್ಲಿ, ಅಂದರೆ ಕಾಲು ಭಾಗದಲ್ಲಿ ಮೀಟಿದರೆ ಮೂರನೆಯ ಹಾರ್ಮೋನಿಕ್ಕಿನ ಬಲ ಮೂಲಸ್ವರದ ಮೂರರಲ್ಲೊಂದು ಪಾಲು. 65 ಮಿಲಿಮೀಟರಿಗೆ, ಅಂದರೆ ಹತ್ತರಲ್ಲೊಂದು ಭಾಗಕ್ಕೆ ಸರಿದರೆ ಅದು ಶೇಕಡ 87ರಷ್ಟಾಗುತ್ತದೆ. ಕೈ ಸರಿದದ್ದು ನಾಲ್ಕು ಬೆರಳಗಲಕ್ಕಿಂತ ತುಸು ಹೆಚ್ಚು, ಅಷ್ಟೇ. ಮಂದವಾಗಿದ್ದ ನಾದ ಚೂಪಾಯಿತು. ಆಂಪ್ಲಿಫೈಯರಿನ ಗುಬುಟುಗಳನ್ನು ತಿರುಗಿಸುತ್ತ ಸಂಜೆ ಕಳೆಯುವವರು ಈ ಅಂತರವನ್ನು ಮೊದಲು ಪರೀಕ್ಷಿಸಿ ನೋಡಬೇಕು.

ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ, ಪಾಠಗಳಲ್ಲಿ ಅಪರೂಪಕ್ಕೆ ಬರುವಂಥದ್ದು. ಎಡಗೈ 12ನೇ ಫ್ರೆಟ್ಟಿಗೆ ಏರಿದಾಗ ಕಂಪಿಸುವ ತಂತಿ ಅರ್ಧವಾಗುತ್ತದೆ. ಬಲಗೈ ಅದೇ 65 ಮಿಲಿಮೀಟರಿನಲ್ಲಿ ನಿಂತಿದ್ದರೆ ಅದು ಈಗ ಹತ್ತರಲ್ಲೊಂದು ಭಾಗವಲ್ಲ, ಐದರಲ್ಲೊಂದು. ಸ್ವರ ಏರಿದಂತೆ ನಾದ ತನ್ನಷ್ಟಕ್ಕೆ ಮೆತ್ತಗಾಗುತ್ತ ಹೋಗುತ್ತದೆ. ಮೇಲಿನ ಸ್ವರಗಳಲ್ಲೂ ಅದೇ ಕಸುವು ಬೇಕೆಂದರೆ ಬಲಗೈಯೂ ಕುದುರೆಯತ್ತ ಸರಿಯಬೇಕು.

ಯಂಗನ ನಿಯಮಕ್ಕೆ ಒಂದು ಪ್ರಸಿದ್ಧ ಅಪವಾದ ನಮ್ಮಲ್ಲೇ ಇದೆ. ಸಿ. ವಿ. ರಾಮನ್ 1921ರಲ್ಲಿ ಭಾರತೀಯ ತಂತಿವಾದ್ಯಗಳ ಮೇಲೆ ಬರೆದ ಪುಟ್ಟ ಪ್ರಬಂಧದಲ್ಲಿ, ತಂಬೂರಿ ಮತ್ತು ವೀಣೆಗಳಲ್ಲಿ ಹುಟ್ಟಬಾರದ ಹಾರ್ಮೋನಿಕ್‌ಗಳೂ ಜೋರಾಗಿ ಕೇಳುತ್ತವೆ ಎಂದು ತೋರಿಸಿದರು. ಕಾರಣ, ಅಗಲವಾಗಿ ಬಾಗಿದ ಕುದುರೆ. ತಂತಿ ಅದರ ಮೈಗೆ ಮತ್ತೆ ಮತ್ತೆ ತಾಗುತ್ತ ಶಕ್ತಿಯನ್ನು ಒಂದು ಹಾರ್ಮೋನಿಕ್ಕಿನಿಂದ ಇನ್ನೊಂದಕ್ಕೆ ಹಂಚುತ್ತದೆ. ಆಲೂರಿನ ಆಚೆ ಚಿಪ್ಪಗಿರಿಯಲ್ಲಿ ದೇಹವಿಟ್ಟ ವಿಜಯದಾಸರ ಕೈಯಲ್ಲಿದ್ದುದು ಈ ಜಾತಿಯ ವಾದ್ಯ. ದಾಸರ ತಂಬೂರಿಯನ್ನು ಸ್ವಲ್ಪ ಅತ್ತಿತ್ತ ಮೀಟಿದರೂ ನಡೆಯುತ್ತದೆ, ಕುದುರೆ ಸುಧಾರಿಸಿಕೊಳ್ಳುತ್ತದೆ. ಗಿಟಾರಿಗೆ ಆ ಔದಾರ್ಯವಿಲ್ಲ.

ಎರಡನೆಯದು, ಯಾವುದರಿಂದ ಮೀಟುವುದು. ಕೋನ ಎಷ್ಟು ಚೂಪೋ ಮೇಲಿನ ಹಾರ್ಮೋನಿಕ್‌ಗಳು ಅಷ್ಟು ಹೆಚ್ಚು. ಬೆರಳ ತುದಿ ಕೋನವನ್ನು ದುಂಡಗಾಗಿಸುತ್ತದೆ, ಕರಟದ ಜವಾ ಚೂಪಾಗಿಸುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಪಿಕ್ ತಂತಿಗಿಂತ ಮೊದಲು ತಾನೇ ಬಾಗುತ್ತದೆ. ಕೈ ಚಲಿಸಿದ್ದಕ್ಕೂ ತಂತಿ ಬಿಟ್ಟುಕೊಂಡದ್ದಕ್ಕೂ ನಡುವೆ ಹೀಗೆ ಒಂದು ವಿಳಂಬ ಬರುತ್ತದೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಬಾರಿಸುವಾಗ ಇದು ಹಿತ, ಒಂಟಿ ಸ್ವರಗಳ ಓಟದಲ್ಲಿ ತೊಡಕು. ಒಂದು ಮಿಲಿಮೀಟರಿಗಿಂತ ದಪ್ಪನಾದದ್ದಕ್ಕೆ ಬದಲಾಯಿಸಿದವರಿಗೆ ಮೊದಮೊದಲು ತಂತಿ ಕೈಗೆ ಅಡ್ಡ ನಿಂತಂತೆ ಅನ್ನಿಸುತ್ತದೆ. ಆಗ ಪಿಕ್ಕನ್ನು ತುಸು ಓರೆ ಹಿಡಿದರೆ ಅಂಚು ಜಾರುತ್ತದೆ. ತೀರಾ ಓರೆಯಾದರೆ ಹೊರಗೆ ಸುತ್ತಿದ ದಪ್ಪ ತಂತಿಗಳ ಮೇಲೆ ಗರಗರ ಎಂದು ಉಜ್ಜುತ್ತದೆ. ಬ್ರಿಟನ್ನಿನ ಬ್ರಯಾನ್ ಮೇ ಹಳೆಯ ಆರು ಪೆನ್ಸಿನ ನಾಣ್ಯದಿಂದ ನುಡಿಸುತ್ತಾನೆ, ಆ ಗರಗರವೇ ಅವನಿಗೆ ಬೇಕು.

ಮೂರನೆಯದು, ಎಷ್ಟು ಆಳಕ್ಕೆ ಮೀಟುವುದು. ಆದವಾನಿ ಹತ್ತಿಯ ಊರು. ಯಂತ್ರಗಳು ಬರುವ ಮುಂಚೆ ಪಿಂಜಾರರು ಅರಳೆಯನ್ನು ಬಿಲ್ಲಿನಿಂದ ಹಿಂಜುತ್ತಿದ್ದರು. ಮರದ ಕೊಡತಿಯ ಅಂಚಿಗೆ ಬಿಲ್ಲಿನ ನರವನ್ನು ಸಿಕ್ಕಿಸಿ ಎಳೆದು ಬಿಡುವುದು. ಅದೂ ಶುದ್ಧ ಮೀಟೇ. ಅಲ್ಲಿ ನರದ ಶಕ್ತಿಯೆಲ್ಲ ಅರಳೆಗೆ ಹೋಗಿ ಎಳೆಗಳನ್ನು ಬಿಡಿಸಬೇಕು, ಆದ್ದರಿಂದ ಆಳವಾಗಿ ಎಳೆದಷ್ಟೂ ಲಾಭ. ಗಿಟಾರಿನಲ್ಲಿ ಆಳ ನಷ್ಟಕ್ಕೂ ದಾರಿ. ಬಲವಾಗಿ ಎಳೆದ ತಂತಿಯ ಬಿಗಿತವೇ ಕ್ಷಣಕಾಲ ಹೆಚ್ಚಾಗಿ, ಸ್ವರ ತುಸು ಮೇಲಕ್ಕೆ ಹುಟ್ಟಿ ಆಮೇಲೆ ಇಳಿಯುತ್ತದೆ. ಶ್ರುತಿ ನೋಡುವ ಟ್ಯೂನರ್ ಎದುರಿಗಿಟ್ಟು ತಂತಿಯನ್ನು ಜೋರಾಗಿ ಮೀಟಿದರೆ ಮುಳ್ಳಿನ ಓಟ ಕಾಣುತ್ತದೆ. ಮೇಲಾಗಿ, ಆಳಕ್ಕೆ ಹೋದ ಪಿಕ್ ಅಷ್ಟೇ ದೂರ ಹಿಂದಿರುಗಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಂತೂ ಗಟ್ಟಿಯಾಗಿ ಕೇಳಿಸುವ ಹೊಣೆ ಆಂಪ್ಲಿಫೈಯರಿನದು, ಮುಂಗೈಯದಲ್ಲ.

ಇನ್ನು ವೇಗ. ನಿಮಿಷಕ್ಕೆ 120 ತಾಳದಲ್ಲಿ ತಾಳಕ್ಕೆ ನಾಲ್ಕು ಸ್ವರವೆಂದರೆ ಸೆಕೆಂಡಿಗೆ ಎಂಟು, ಒಂದೊಂದಕ್ಕೆ 125 ಮಿಲಿಸೆಕೆಂಡು. ಪಿಕ್ ತಂತಿಗೆ ತಾಗಿದೊಡನೆ ಹಿಂದಿನ ಸ್ವರ ನಿಲ್ಲುತ್ತದೆ, ಜಾರಿದ ಮೇಲೆ ಮುಂದಿನದು ಹುಟ್ಟುತ್ತದೆ. ಪಿಕ್ 25 ಮಿಲಿಸೆಕೆಂಡು ಅಲ್ಲೇ ಕೂತರೆ ಐದರಲ್ಲೊಂದು ಪಾಲು ಮೌನ. ನಿಧಾನವಾಗಿ ನುಡಿಸುವಾಗ ಲೆಕ್ಕಕ್ಕೆ ಬಾರದ ಈ ಕೂರುವಿಕೆ ವೇಗದಲ್ಲಿ ಕುಂಟಾಗಿ ಕೇಳುತ್ತದೆ.

ತಂತಿಯಿಂದ ತಂತಿಗೆ ದಾಟುವುದು ಇನ್ನೂ ಕಷ್ಟ. ಕುದುರೆಯ ಬಳಿ ಎರಡು ತಂತಿಗಳ ನಡುವಿನ ಅಂತರ ಸುಮಾರು ಹತ್ತು ಮಿಲಿಮೀಟರ್. ಪಿಕ್ಕಿನ ದಾರಿ ಸ್ವಲ್ಪ ಓರೆಯಾಗಿದ್ದರೆ ಒಂದು ದಿಕ್ಕಿನ ಮೀಟು ತಂತಿಗಳ ಮೇಲಕ್ಕೆ ಎದ್ದು ಹೊರಬರುತ್ತದೆ, ಇನ್ನೊಂದು ದಿಕ್ಕಿನದು ಎರಡು ತಂತಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಟ್ರಾಯ್ ಗ್ರೇಡಿ ಗಿಟಾರಿಗೇ ಕ್ಯಾಮೆರಾ ಕಟ್ಟಿ, ನಿಧಾನಗತಿಯಲ್ಲಿ ಇದನ್ನು ತೋರಿಸಿದ. ಮೇಲ್ಮುಖ ಮೀಟು ಹೊರಬರುವ ಓರೆಯಿದ್ದವರು ಒಂದು ತಂತಿಯಲ್ಲಿ ಎರಡೋ ನಾಲ್ಕೋ ಸ್ವರ ನುಡಿಸಿ ದಾಟಿದರೆ ದಾರಿ ಸುಗಮ. ಮೂರು ನುಡಿಸಿದರೆ ಕೈ ಕುಪ್ಪಳಿಸುತ್ತದೆ, ಮುಂಗೈ ಬಿಗಿಯುತ್ತದೆ. ತಿಂಗಳುಗಟ್ಟಲೆ ಸಾಧನೆ ಮಾಡಿಯೂ ಒಂದೇ ಪಲುಕಿನಲ್ಲಿ ಎಡವುವವರ ತೊಂದರೆ ಎಷ್ಟೋ ಸಲ ಆಲಸ್ಯವಲ್ಲ, ಈ ಬೆಸ–ಸರಿಯ ಗಣಿತ.

ಸರೋದಿನವರಿಗೆ ಬಲಗೈಗೇ ಒಂದು ಭಾಷೆಯಿದೆ. ಕೆಳಮುಖ ಮೀಟು ‘ದಾ’, ಮೇಲ್ಮುಖ ‘ರಾ’, ಎರಡೂ ಜೋಡಿಯಾಗಿ ವೇಗದಲ್ಲಿ ಬಂದರೆ ‘ದಿರಿ’. ಬಾಯಲ್ಲಿ ಹೇಳಿ, ಆಮೇಲೆ ಕೈಯಲ್ಲಿ. ರಾಜೀವ ತಾರಾನಾಥರು 1989ರಿಂದ 1992ರವರೆಗೆ ಫೋರ್ಡ್ ಫೌಂಡೇಶನ್ ನೆರವಿನಲ್ಲಿ ಅಭ್ಯಸಿಸಿದ್ದು ತಮ್ಮ ಮೈಹರ್ ಘರಾನೆಯ ಕಲಿಸುವ ಕ್ರಮವನ್ನೇ. ಕಲಿಸುವ ಕ್ರಮವೂ ಸಂಶೋಧನೆಯ ವಸ್ತು ಎಂದು ಒಬ್ಬ ದೊಡ್ಡ ವಾದಕರಿಗೆ ಅನ್ನಿಸಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ.

‘ದಾ’, ‘ರಾ’ ಎಂಬ ಈ ಬೋಲುಗಳನ್ನು ಗಿಟಾರಿನವರು ಎರವಲು ಪಡೆಯಲು ಅಡ್ಡಿಯಿಲ್ಲ. ಸ್ವರಗಳನ್ನು ಮೂರುಮೂರಾಗಿ ಗುಂಪು ಮಾಡಿ, ದಾ–ರಾ ಕ್ರಮ ಮುರಿಯದೆ, ಪ್ರತಿ ಗುಂಪಿನ ಮೊದಲ ಸ್ವರಕ್ಕೆ ಒತ್ತು ಕೊಡಿ. ಒತ್ತು ಒಮ್ಮೆ ‘ದಾ’ ಮೇಲೆ, ಮರುಸಲ ‘ರಾ’ ಮೇಲೆ ಬೀಳುತ್ತದೆ. ಇದನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಅಲೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ‘ರಾ’ದ ಒತ್ತುಗಳು ಗಿಡ್ಡಗಿವೆಯೇ, ತಡವಾಗಿ ಬಂದಿವೆಯೇ ಎಂದು ಕಣ್ಣಿಗೇ ಕಾಣುತ್ತದೆ. ಆದರೆ ಆಂಪ್ಲಿಫೈಯರಿನ ಡಿಸ್ಟಾರ್ಷನ್ ಬಂದ್ ಮಾಡಿ ಮುದ್ರಿಸಬೇಕು. ಅದು ಸಣ್ಣದನ್ನೂ ದೊಡ್ಡದನ್ನೂ ಒಂದೇ ಎತ್ತರಕ್ಕೆ ತರುವುದರಿಂದ, ಉಬ್ಬುತಗ್ಗು ಇದ್ದರೂ ಚಿತ್ರದಲ್ಲಿ ಸಿಗುವುದಿಲ್ಲ.