ಸೆರ್ಪೊಂಗಿನಲ್ಲಿ ಮನೆ ಕೊಳ್ಳುವ ವಿಚಾರ

ನಮ್ಮ ಪರಿಚಿತರಾದ ಪಿಂಚಣಿದಾರ ಗೃಹಸ್ಥರೊಬ್ಬರು ಮೊನ್ನೆ ಕಾರ್ಯಾಲಯಕ್ಕೆ ದಯಮಾಡಿಸಿ, ಬಣ್ಣದ ಚಿತ್ರಗಳಿಂದ ತುಂಬಿದ ಜಾಹಿರಾತಿನ ಪುಸ್ತಕವೊಂದನ್ನು ನಮ್ಮ ಮೇಜಿನ ಮೇಲಿರಿಸಿದರು. ಅವರ ಕುಮಾರನು ಇಂಡೊನೇಷಿಯದ ಜಕಾರ್ತ ನಗರದಲ್ಲಿ ಉದ್ಯೋಗದಲ್ಲಿರುವನು. ನಗರದ ನೈರುತ್ಯಕ್ಕೆ ಸುಮಾರು 25 ಕಿಲೊಮೀಟರ್ ದೂರದಲ್ಲಿರುವ ಸೆರ್ಪೊಂಗ್ ಎಂಬ ಹೊರವಲಯದಲ್ಲಿ ಮನೆಯೊಂದನ್ನು ಕೊಳ್ಳಬೇಕೆಂದೂ, ತಾನು ಪರದೇಶದವನಾದುದರಿಂದ ಕ್ರಯಪತ್ರವನ್ನು ಅಲ್ಲಿಯ ಸ್ನೇಹಿತನೊಬ್ಬನ ಹೆಸರಿನಲ್ಲಿ ಬರೆಯಿಸುವುದೆಂದೂ, ಅದಕ್ಕಾಗಿ ತಂದೆಯವರ ಉಳಿತಾಯದಿಂದ ಒಂದಿಷ್ಟು ಮೊಬಲಗು ಬೇಕೆಂದೂ ಅವನು ಬರೆದಿರುವನು. “ಹಣ ಕಳುಹಿಸಬಹುದೇ, ಸ್ವಾಮಿ?” ಎಂಬುದು ಗೃಹಸ್ಥರ ಪ್ರಶ್ನೆ. ಮಕ್ಕಳನ್ನು ಹೊರನಾಡಿಗೆ ಕಳುಹಿಸಿರುವ ಇತರ ವಾಚಕರಿಗೂ ಇಂಥ ಪ್ರಶ್ನೆ ಬರಬಹುದಾದುದರಿಂದ ನಮ್ಮ ಉತ್ತರವನ್ನು ಇಲ್ಲಿಯೇ ಬರೆದಿರುವೆವು.

ಸೆರ್ಪೊಂಗ್ ವಾಸಕ್ಕೆ ಯೋಗ್ಯವಲ್ಲದ ಸ್ಥಳವೆಂದು ಯಾರೂ ಹೇಳಲಾರರು. ಜಕಾರ್ತದ ಉತ್ತರ ಭಾಗವು ಸಮುದ್ರದ ಮಗ್ಗುಲಲ್ಲಿದ್ದು, ಅಂತರ್ಜಲವನ್ನು ಮಿತಿಯಿಲ್ಲದೆ ಎತ್ತಿದುದರಿಂದ ವರ್ಷವರ್ಷವೂ ನೆಲ ಕುಸಿಯುತ್ತಿದೆ. ಆದುದರಿಂದ ಕೈಯಲ್ಲಿ ನಾಲ್ಕು ಕಾಸುಳ್ಳವರು ದಕ್ಷಿಣದ ಎತ್ತರದ ನೆಲವನ್ನು ಹುಡುಕಿಕೊಂಡು ಹೋದುದು ಸಹಜವೇ. ಸೆರ್ಪೊಂಗಿನಲ್ಲಿ ಹಿಂದೆ ರಬ್ಬರು ತೋಟಗಳಿದ್ದುವು. 1980ರ ದಶಕದಲ್ಲಿ ಅಲ್ಲಿ ಹೊಸ ಪಟ್ಟಣವೊಂದರ ಯೋಜನೆ ಹುಟ್ಟಿ, 1989ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು. ಯೋಜನೆಯ ವಿಸ್ತಾರವು ಸುಮಾರು 6,000 ಹೆಕ್ಟೇರು, ಎಂದರೆ ನಮ್ಮ ಲೆಕ್ಕದಲ್ಲಿ ಹದಿನಾಲ್ಕು ಸಾವಿರ ಎಕರೆಗೂ ಮೀರಿದ್ದು; ಇಷ್ಟನ್ನೂ ಹಮ್ಮಿಕೊಂಡುದು ಖಾಸಗಿ ಕಂಪೆನಿ. ಈ ಪಟ್ಟಣದ ಒಂದು ಭಾಗವು 2008ರಲ್ಲಿ ಪ್ರತ್ಯೇಕ ನಗರವಾಗಿ ಏರ್ಪಟ್ಟ ದಕ್ಷಿಣ ತಂಗೆರಾಂಗಿಗೆ ಸೇರಿದೆ. 2020ರ ಖಾನೆಷುಮಾರಿಯಂತೆ ಆ ನಗರದ ಜನಸಂಖ್ಯೆ ಹದಿಮೂರು ಲಕ್ಷಕ್ಕೂ ಹೆಚ್ಚು. ಜಕಾರ್ತದ ತನಹ್ ಅಬಾಂಗ್ ನಿಲ್ದಾಣಕ್ಕೆ ವಿದ್ಯುತ್ ರೈಲು ಉಂಟು. ಸುಂಕದ ಹೆದ್ದಾರಿಯೂ ಉಂಟು.

ಪುಸ್ತಕವನ್ನು ತಿರುವಿದಾಗ ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹಚ್ಚಿದ ನಮಗೆ ಹಳೆಯ ನಂಟರನ್ನು ಕಂಡಂತಾಯಿತು. ಪಟ್ಟಣದ ಹೆಸರು ‘ಬೂಮಿ ಸೆರ್ಪೊಂಗ್ ದಮಾಯ್’. ಅಲ್ಲಿಯ ‘ಬೂಮಿ’ ನಮ್ಮ ಭೂಮಿಯೇ. ‘ದಮಾಯ್’ ಎಂದರೆ ಶಾಂತಿ. ಆ ದೇಶದ ಬಡಾವಣೆಗಳ ಹೆಸರುಗಳಲ್ಲಿ ಮೇಲಿಂದ ಮೇಲೆ ಬರುವ ‘ಗ್ರಹ’ವು ಗೃಹ, ‘ವಿಸ್ಮ’ವು ವೇಶ್ಮ, ‘ಪುರಿ’ಯು ಪುರಿಯೇ. ಬೆಲೆಗೆ ಅವರು ‘ಹರ್ಗ’ ಎನ್ನುವರು. ಅದು ನಮ್ಮ ಅರ್ಘವು. ಇದನ್ನೆಲ್ಲ ಕಂಡು ಹಿಗ್ಗುವುದು ತಪ್ಪಲ್ಲ. ಆದರೆ ಮಾತು ನಮ್ಮದಾದ ಮಾತ್ರಕ್ಕೆ ನೆಲವೂ ನಮ್ಮದಾಗುವುದೆಂದು ತಿಳಿದರೆ ಅಪಾಯವುಂಟು.

ಅಲ್ಲಿಯ ಬೀದಿಯ ವ್ಯವಸ್ಥೆಯನ್ನು ಮಾತ್ರ ನಮ್ಮ ನಗರಸಭೆಯವರು ಒಮ್ಮೆ ಹೋಗಿ ನೋಡತಕ್ಕುದು. ಕೆಲವು ಹತ್ತು ಮನೆಗಳು ಕೂಡಿ ‘ರುಕುನ್ ತೆತಾಂಗ’, ಎಂದರೆ ನೆರೆಹೊರೆಯ ಕೂಟ. ಅಂಥ ಹಲವು ಕೂಟಗಳು ಸೇರಿ ‘ರುಕುನ್ ವರ್ಗ’. ಎರಡನೆಯ ಮಹಾಯುದ್ಧದಲ್ಲಿ ದೇಶವನ್ನಾಕ್ರಮಿಸಿದ್ದ ಜಪಾನೀಯರು ಜನರ ಮೇಲೆ ಕಣ್ಣಿಡುವುದಕ್ಕೆಂದು ತಮ್ಮ ನಾಡಿನ ಮಾದರಿಯನ್ನು ತಂದು ನಾಟಿದರು. ಅವರು ಹೋದ ಮೇಲೂ ಜನರು ಅದನ್ನು ಕಿತ್ತೆಸೆಯದೆ ತಮ್ಮ ಉಪಯೋಗಕ್ಕೆ ತಿರುಗಿಸಿಕೊಂಡರು. ಹೊಸದಾಗಿ ವಾಸಕ್ಕೆ ಬಂದವರು ಕೂಟದ ಮುಖ್ಯಸ್ಥನಿಗೆ ಮೊದಲು ವರದಿ ಮಾಡಬೇಕು. ಮನೆಗೆ ಬಂದ ಅತಿಥಿಯು 24 ಗಂಟೆಗಳಿಗೂ ಹೆಚ್ಚು ನಿಂತರೆ ತಿಳಿಸಬೇಕೆಂಬ ಫಲಕವನ್ನು ಎಷ್ಟೋ ಬೀದಿಗಳ ಬಾಯಲ್ಲಿ ತೂಗುಹಾಕಿರುವರು. ಕಾವಲಿಗೂ ಕಸಕ್ಕೂ ತಿಂಗಳ ವಂತಿಗೆಯುಂಟು. ಹೆಂಗಸರು ‘ಅರಿಸಾನ್’ ಎಂದು ಚೀಟಿ ನಡೆಸುವರು. ಸರದಿಯಂತೆ ಒಬ್ಬೊಬ್ಬರಿಗೆ ಹಣ ಬರುವುದು, ನಮ್ಮಲ್ಲಿರುವಂತೆಯೇ. ಆಗಾಗ ಭಾನುವಾರದ ಬೆಳಗ್ಗೆ ಗಂಡಸರೆಲ್ಲ ಗುದ್ದಲಿ ಹಿಡಿದು ಚರಂಡಿ ತೋಡುವರು. ಇದಕ್ಕೆ ಅವರ ಹೆಸರು ‘ಕೆರ್ಜ ಬಕ್ತಿ’, ಎಂದರೆ ಕಾರ್ಯಭಕ್ತಿ. ಭಕ್ತಿಯನ್ನು ಚರಂಡಿಯವರೆಗೆ ಒಯ್ದ ಜನರನ್ನು ನಾವು ಮೆಚ್ಚದಿರಲಾರೆವು.

ಹೊಸ ಪಟ್ಟಣಗಳಲ್ಲಿ ಈ ಪದ್ಧತಿ ಸ್ವಲ್ಪ ಬಣ್ಣಗೆಟ್ಟಿದೆ. ಗೋಡೆ, ದ್ವಾರ, ಸಮವಸ್ತ್ರದ ಕಾವಲುಗಾರ, ಇವುಗಳೊಳಗೆ ಒಂದೊಂದು ಗುಂಪು ಮನೆ. ವಂತಿಗೆಯನ್ನು ಅನೇಕ ಕಡೆ ಕಂಪೆನಿಯೇ ವಸೂಲು ಮಾಡುವುದು. 1998ರ ಮೇ ತಿಂಗಳಲ್ಲಿ ಜಕಾರ್ತ, ತಂಗೆರಾಂಗುಗಳು ಹತ್ತಿ ಉರಿದು ಸಾವಿರಕ್ಕೂ ಮೇಲ್ಪಟ್ಟು ಜನರು ಸತ್ತ ಬಳಿಕ ಈ ಗೋಡೆಗಳು ಇನ್ನೂ ಹೆಚ್ಚಿದುವು. ಗೋಡೆಯ ಹೊರಗೆ ‘ಕಂಪುಂಗ್’, ಎಂದರೆ ಹಳೆಯ ಹಳ್ಳಿ. ಒಳಗಿನ ಮನೆಗಳ ಅಡಿಗೆಯವರೂ ತೋಟದವರೂ ಬೆಳಗಾಗುತ್ತಲೇ ಅಲ್ಲಿಂದ ಬರುವರು.

ಇನ್ನು ನೆಲದ ಮಾತಿಗೆ ಬರೋಣ. ಜಕಾರ್ತ, ತಂಗೆರಾಂಗುಗಳ ಸುತ್ತಲಿನ ನೆಲಕ್ಕೆ ಕಹಿಯಾದ ಚರಿತ್ರೆಯುಂಟು. ಡಚ್ ಕಂಪೆನಿಯವರೂ, ಅವರ ತರುವಾಯ ಡಾಂಡೆಲ್ಸ್, ರಾಫಲ್ಸ್ ಮೊದಲಾದ ಅಧಿಕಾರಿಗಳೂ ಹಣದ ಅಡಚಣೆ ಬಂದಾಗಲೆಲ್ಲ ಹಳ್ಳಿಗಳನ್ನು ಒಕ್ಕಲುಗಳ ಸಮೇತ ಖಾಸಗಿಯವರಿಗೆ ಮಾರಿದರು. ಕೊಂಡ ಧಣಿಯು ಬೆಳೆಯಲ್ಲಿ ಪಾಲು ತೆಗೆಯುವನು, ಬಿಟ್ಟಿ ದುಡಿಸುವನು. 1924ರಲ್ಲಿ ತಂಗೆರಾಂಗಿನ ರೈತರು ಈ ಧಣಿಗಳ ವಿರುದ್ಧ ದಂಗೆಯೆದ್ದರು. ಆ ಜಹಗೀರುಗಳು ತೀರ ರದ್ದಾದುದು ಸ್ವಾತಂತ್ರ್ಯದ ಬಳಿಕ, 1958ರ ಕಾಯಿದೆಯಿಂದ. ಸ್ವಾತಂತ್ರ್ಯವೂ ಆ ನೆಲದಲ್ಲಿ ಸುಲಭವಾಗಿ ಬಂದುದಲ್ಲ. ಇಂದು ಹೊಸ ಮನೆಗಳು ಎದ್ದಿರುವ ಲೆಂಗ್ಕೊಂಗಿನಲ್ಲಿ 1946ರ ಜನವರಿ 25ರಂದು, ಜಪಾನೀಯರ ಆಯುಧಗಳನ್ನು ಒಪ್ಪಿಸಿಕೊಳ್ಳಲು ಹೋದ ತಂಗೆರಾಂಗ್ ಸೈನಿಕ ಶಾಲೆಯ ಮೂವತ್ತಕ್ಕೂ ಹೆಚ್ಚು ತರುಣರು ಗುಂಡಿಗೆ ಬಲಿಯಾದರು. ಅವರ ನಾಯಕ ಮೇಜರ್ ದಾನ್ ಮೊಗೊತನಿಗೆ ಆಗ ಹದಿನೇಳು ವರ್ಷ. ಅಲ್ಲಿ ಸ್ಮಾರಕವಿದೆ. ನಮ್ಮ ಗೃಹಸ್ಥರು ತಂದ ಪುಸ್ತಕದಲ್ಲಿ ಈಜುಕೊಳಗಳ ಚಿತ್ರಗಳಿವೆಯೇ ಹೊರತು ಅದರ ಚಿತ್ರವಿಲ್ಲ.

ಇಂಥ ಅನುಭವದಿಂದ ಹುಟ್ಟಿದುದು 1960ರ ಸೆಪ್ಟೆಂಬರ್ 24ರ ಭೂಕಾಯಿದೆ. ಅದರಂತೆ ನೆಲದ ಪೂರ್ಣ ಒಡೆತನವು, ಕೆಲವು ಸಂಸ್ಥೆಗಳ ಹೊರತು, ಆ ದೇಶದ ಪ್ರಜೆಗಳಿಗೆ ಮಾತ್ರ. ಕಂಪೆನಿಗಳಿಗೆ ದೊರೆಯುವುದು ಅವಧಿಯುಳ್ಳ ಕಟ್ಟಡದ ಹಕ್ಕು. ಅಲ್ಲಿ ವಾಸಕ್ಕೆ ಪರವಾನಗಿಯುಳ್ಳ ಪರದೇಶದವರಿಗೆ ‘ಹಕ್ ಪಕಾಯ್’, ಎಂದರೆ ಉಪಯೋಗದ ಹಕ್ಕು. 2021ರ ನಿಯಮಗಳಂತೆ ಅದರ ಅವಧಿ ಮೊದಲು 30 ವರ್ಷ, ಮುಂದುವರಿಸಿದರೆ 20, ನವೀಕರಿಸಿದರೆ ಮತ್ತೆ 30. ಪ್ರಾಂತ್ಯಕ್ಕೊಂದರಂತೆ ಕನಿಷ್ಠ ಬೆಲೆಯನ್ನು ಗೊತ್ತುಮಾಡಿರುವುದರಿಂದ ಅಗ್ಗದ ಮನೆಗಳು ಪರದೇಶದವರಿಗೆ ಸಿಕ್ಕುವಂತಿಲ್ಲ. ಇದು ಬಡವರ ಮನೆಯ ಬೆಲೆಯನ್ನು ಹೊರಗಿನ ಹಣವು ಏರಿಸದಿರಲೆಂದು ಮಾಡಿದ ಕಟ್ಟಳೆ. ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ.

ಸ್ನೇಹಿತನ ಹೆಸರಿನಲ್ಲಿ ಕೊಳ್ಳುವುದೋ? ಕಾಯಿದೆಯ 26ನೆಯ ವಿಧಿಯು ಇದಕ್ಕೆ ಸಂದೇಹವಿಲ್ಲದಂತೆ ಉತ್ತರವಿತ್ತಿದೆ. ನೇರವಾಗಿಯೇ ಆಗಲಿ ಸುತ್ತುಬಳಸಿಯೇ ಆಗಲಿ ಒಡೆತನವನ್ನು ಪರದೇಶದವರಿಗೆ ಮುಟ್ಟಿಸುವ ವ್ಯವಹಾರವು ಅಸಿಂಧು. ನೆಲವು ಸರಕಾರಕ್ಕೆ ಸೇರುವುದು. ಕೊಟ್ಟ ಹಣವನ್ನು ಹಿಂದಕ್ಕೆ ಕೇಳುವಂತಿಲ್ಲ. ಸ್ನೇಹಿತನು ಪ್ರಾಮಾಣಿಕನಾಗಿದ್ದರೂ ಅವನ ಹೆಂಡತಿಮಕ್ಕಳು, ಅವನ ಸಾಲಗಾರರು ಯಾರು ಹೇಗೋ! ನಮ್ಮ ನಾಡಿನಲ್ಲಿ ಇದಕ್ಕೆ ಬೇನಾಮಿ ಎಂದು ಹೆಸರು. 1988ರಿಂದ ಇಲ್ಲಿಯೂ ನಿಷಿದ್ಧ. ಹೊರನಾಡಿನಲ್ಲಿ ನೆಲಸಿದ ಭಾರತೀಯರು ಸಹ ಇಲ್ಲಿ ವ್ಯವಸಾಯದ ಭೂಮಿಯನ್ನು ಕೊಳ್ಳುವಂತಿಲ್ಲವೆಂಬುದನ್ನು ನೆನೆದರೆ ಇಂಡೊನೇಷಿಯದವರ ಮೇಲೆ ಕೋಪಕ್ಕೆ ಕಾರಣವಿಲ್ಲ. 1949ರ ಜನವರಿಯಲ್ಲಿ, ಡಚ್ಚರು ಆ ದೇಶವನ್ನು ಮತ್ತೆ ನುಂಗಲೆಳಸಿದಾಗ, ದಿಲ್ಲಿಯಲ್ಲಿ ಏಷ್ಯದ ದೇಶಗಳ ಸಭೆ ಕೂಡಿಸಿ ಅವರ ಪಕ್ಷವನ್ನು ಎತ್ತಿಹಿಡಿದವರು ನಮ್ಮ ನೆಹರೂರವರು. ಅವರ ಸ್ವಾತಂತ್ರ್ಯಕ್ಕೆ ಅಂದು ಕೈಯೆತ್ತಿದ ಜನಾಂಗದ ಹುಡುಗನು ಅವರ ಕಾಯಿದೆಗೆ ಇಂದು ಕಣ್ಣುಕಟ್ಟುವುದು ನಮಗೆ ಸರಿಗಾಣದು.

ಕಾಯಿದೆಯ ಮೇರೆಯಲ್ಲಿಯೇ ಕೊಂಡರೆ ಲಾಭವಿಲ್ಲವೇ? ಇರಬಹುದು. ಆದರೆ ಕೊಳ್ಳುವವನಿಗೆ ನೂರಕ್ಕೆ 5ರವರೆಗೆ ತೆರಿಗೆ, ಮಾರುವವನಿಗೆ ಎರಡೂವರೆ, ಬಾಡಿಗೆಯ ಆದಾಯದ ಮೇಲೆ 10. ಬ್ಯಾಂಕು ಸಾಲದ ಬಡ್ಡಿಯು ಮೊದಲ ಕೆಲವು ವರ್ಷ ನಿಶ್ಚಿತವಾಗಿದ್ದು, ಅನಂತರ ಪೇಟೆಯ ಗಾಳಿಯಂತೆ ಏರಿಳಿಯುವುದೇ ಹೆಚ್ಚು. 1997ರ ಮಧ್ಯದಲ್ಲಿ ಡಾಲರಿಗೆ ಸುಮಾರು 2,400 ಇದ್ದ ರುಪಿಯಾ, 1998ರಲ್ಲಿ ಒಂದು ಕಾಲಕ್ಕೆ 15,000ಕ್ಕೂ ಕೆಳಗಿಳಿಯಿತು. ಕೇಂದ್ರ ಬ್ಯಾಂಕಿನ ಬಡ್ಡಿ ನೂರಕ್ಕೆ 70ರ ಸಮೀಪಕ್ಕೆ ಹೋಯಿತು. ಅರ್ಧ ಎದ್ದ ಮನೆಗಳು ಅರ್ಧದಲ್ಲಿಯೇ ನಿಂತುವು. ಅಂಥ ಕಾಲ ಮತ್ತೆ ಬರುವುದೆಂದು ನಾವು ಹೇಳುವುದಿಲ್ಲ. ಪಿಂಚಣಿದಾರನ ಉಳಿತಾಯವು ಅಂಥ ಗಾಳಿಗೆ ಒಡ್ಡತಕ್ಕ ಹಣವಲ್ಲವೆಂದು ಮಾತ್ರ ಹೇಳುವೆವು.

ಕಡೆಯದಾಗಿ ನೀರು. ಎತ್ತರದ ನೆಲವೆಂದು ನಿಶ್ಚಿಂತರಾಗಿರುವಂತಿಲ್ಲ. ಅದೇ ದಕ್ಷಿಣ ತಂಗೆರಾಂಗ್ ನಗರದ ಎಲ್ಲೆಯೊಳಗೆ ಸಿತು ಗಿಂತುಂಗ್ ಎಂಬ ಕೆರೆಯುಂಟು. ಡಚ್ಚರ ಕಾಲದಲ್ಲಿ, 1930ರ ದಶಕದಲ್ಲಿ, ಬೇಸಾಯಕ್ಕಾಗಿ ಮಣ್ಣಿನ ಏರಿ ಹಾಕಿ ಕಟ್ಟಿದುದು. ಗದ್ದೆಗಳು ಹೋಗಿ ಮನೆಗಳು ಬಂದುವು. ನೀರುಣ್ಣುವ ಪೈರಿಲ್ಲದಾದ ಮೇಲೆ ಏರಿಯ ಚಿಂತೆ ಯಾರಿಗೆ? ಏರಿಯ ಬುಡದವರೆಗೂ ಜನ ಮನೆ ಕಟ್ಟಿಕೊಂಡರು. 2009ರ ಮಾರ್ಚ್ 27ರಂದು, ರಾತ್ರಿಯ ಭಾರಿ ಮಳೆಯ ಬಳಿಕ, ಬೆಳಕು ಹರಿಯುವ ಮುನ್ನ ಏರಿ ಒಡೆದು ಸುಮಾರು ನೂರು ಮಂದಿ ಮಲಗಿದ್ದವರು ಮಲಗಿದ್ದಂತೆಯೇ ಕೊಚ್ಚಿಹೋದರು. 2020ರ ಜನವರಿ 1ರಂದು ಜಕಾರ್ತದ ಹಲೀಮ್ ವಿಮಾನ ನಿಲ್ದಾಣದಲ್ಲಿ ಒಂದೇ ದಿನದ ಮಳೆ 377 ಮಿಲಿಮೀಟರಾಗಿ, ನಗರದ ಹೊರವಲಯಗಳೂ ನೀರಿನಲ್ಲಿ ನಿಂತುವು.

ಈ ಎಲ್ಲವನ್ನೂ ಗೃಹಸ್ಥರಿಗೆ ಹೇಳಿ, ಹುಡುಗನು ಸೆರ್ಪೊಂಗಿನಲ್ಲಿಯೇ ಬಾಡಿಗೆಯ ಮನೆ ಹಿಡಿಯಲೆಂದು ಸೂಚಿಸಿದೆವು. ಅಲ್ಲಿ ವರ್ಷದ ಬಾಡಿಗೆಯನ್ನು ಒಟ್ಟಿಗೆ ಮುಂಗಡವಾಗಿ ಕೊಡುವ ರೂಢಿಯುಂಟು. ತಂದೆಯವರು ನೆರವಾಗುವುದಿದ್ದರೆ ಅಷ್ಟಕ್ಕೆ ಆಗಲಿ. ಮನೆ ಗೊತ್ತುಮಾಡುವ ಮುನ್ನ ಒಂದು ಜೋರು ಮಳೆಯ ಮಾರನೆಯ ದಿನ ಬೀದಿಯಲ್ಲಿ ನಡೆದು ಬರಬೇಕು, ಗೋಡೆಗಳ ಮೇಲೆ ಹಳೆಯ ನೀರಿನ ಗೆರೆಯಿದೆಯೇ ನೋಡಬೇಕು, ಹೊರಗಿನ ಕಂಪುಂಗಿನ ಮುದುಕರಲ್ಲಿ ಹಿಂದೆ ಆ ನೆಲ ಏನಾಗಿತ್ತೆಂದು ವಿಚಾರಿಸಬೇಕು, ಸೇರಿದ ದಿನವೇ ಕೂಟದ ಮುಖ್ಯಸ್ಥನ ಮನೆಗೆ ಕಾಗದಪತ್ರಗಳೊಡನೆ ಹೋಗಬೇಕು ಎಂದು ಬರೆದುಕೊಟ್ಟೆವು. ಗೃಹಸ್ಥರು ಚೀಟಿಯನ್ನು ಮಡಿಸಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟುಕೊಂಡರು. ಬಣ್ಣದ ಪುಸ್ತಕವನ್ನು ನಮ್ಮಲ್ಲಿಯೇ ಬಿಟ್ಟುಹೋಗಿರುವರು.